ಪಾಷಾಣವನ್ನು ಅರಗಿಸುವ ಸೂಕ್ಷ್ಮಜೀವಿಗಳು

ದನಗಳ ಮೈಗೆ ಹತ್ತುವ ಉಣ್ಣೆಗಳನ್ನು ಕೊಲ್ಲುವುದಕ್ಕಾಗಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲಿನ ವರ್ಷಗಳಲ್ಲಿ ಒಂದು ಕ್ರಮವು ಬಹುವಾಗಿ ಬಳಕೆಗೆ ಬಂದಿತು. ನೆಲದಲ್ಲಿ ಉದ್ದವಾದ ತೊಟ್ಟಿಯನ್ನು ಕಟ್ಟಿಸಿ, ಅದರ ನೀರಿನಲ್ಲಿ ಸೋಡಿಯಂ ಆರ್ಸೆನೈಟ್ ಎಂಬ ಪಾಷಾಣ ಲವಣವನ್ನು ಕರಗಿಸಿ, ಮಂದೆಯ ದನಗಳನ್ನು ಒಂದರ ಹಿಂದೊಂದರಂತೆ ಅದರಲ್ಲಿ ಮುಳುಗಿಸಿ ಈಜಿಸಿ ಆಚೆಯ ದಡಕ್ಕೆ ಹತ್ತಿಸುತ್ತಿದ್ದರು. ಉಣ್ಣೆಗಳಿಂದ ಹರಡತಕ್ಕ ಪೂರ್ವತೀರದ ಜ್ವರವೆಂಬ ರೋಗವು ದಕ್ಷಿಣ ಆಫ್ರಿಕದ ಮಂದೆಗಳನ್ನು ನಾಶಮಾಡುತ್ತಿದ್ದುದರಿಂದ ಈ ತೊಟ್ಟಿಗಳ ಮೇಲೆಯೇ ಅಲ್ಲಿನ ರೈತರ ಭರವಸೆಯೆಲ್ಲವೂ ನಿಂತಿತ್ತು. ಆದರೆ ಕೆಲವು ತೊಟ್ಟಿಗಳಲ್ಲಿ ಒಂದು ವಿಚಿತ್ರವು ಕಂಡುಬಂದಿತು. ಅಳತೆಗೆ ಸರಿಯಾಗಿ ಮದ್ದನ್ನು ಹಾಕಿದ್ದರೂ, ನೀರು ಹೊರಕ್ಕೆ ಸೋರಿಹೋಗದಿದ್ದರೂ, ಕೆಲವು ವಾರಗಳಾದ ಮೇಲೆ ಉಣ್ಣೆಗಳು ಸಾಯುತ್ತಿರಲಿಲ್ಲ. ಪಾಷಾಣವು ತೊಟ್ಟಿಯಲ್ಲಿಯೇ ಇತ್ತು. ಅದರ ಕಸುವು ಮಾತ್ರ ಇಳಿದುಹೋಗಿತ್ತು.

ಪ್ರಿಟೋರಿಯ ನಗರದ ಬಳಿಯಲ್ಲಿರುವ ಆಂಡರ್‌ಸ್ಟೆಪೂರ್ಟ್ ಪಶುವೈದ್ಯ ಪರಿಶೋಧನಾಲಯದ ರಸಾಯನಶಾಸ್ತ್ರಜ್ಞರಾಗಿದ್ದ ಎಚ್. ಎಚ್. ಗ್ರೀನ್ ಎಂಬುವರು ೧೯೧೮ನೆಯ ಇಸವಿಯಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಅಂಥ ತೊಟ್ಟಿಯೊಂದರ ನೀರಿನಿಂದ ಅವರು ಎರಡು ಬಗೆಯ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ಬೆಳೆಸಿದರು. ಒಂದು, ಹೆಚ್ಚು ವಿಷವಾದ ಆರ್ಸೆನೈಟನ್ನು ಕಡಿಮೆ ವಿಷವಾದ ಆರ್ಸೆನೇಟನ್ನಾಗಿ ಮಾರ್ಪಡಿಸುತ್ತಿತ್ತು. ಎರಡನೆಯದು ಅದಕ್ಕೆ ತದ್ವಿರುದ್ಧವಾದ ಕೆಲಸವನ್ನು ಮಾಡುತ್ತಿತ್ತು. ಉಣ್ಣೆಗಳನ್ನು ಕೊಲ್ಲಲೆಂದು ಹಾಕಿದ ಪಾಷಾಣದಲ್ಲಿಯೇ ಕಣ್ಣಿಗೆ ಕಾಣದ ಜೀವಿಗಳು ಹುಲುಸಾಗಿ ಬೆಳೆಯುತ್ತಿದ್ದುವೆಂಬುದು ಆ ಕಾಲದವರಿಗೆ ಆಶ್ಚರ್ಯಕರವಾದ ಸಂಗತಿಯಾಗಿತ್ತು. ೧೯೪೯ರಲ್ಲಿ ಆಸ್ಟ್ರೇಲಿಯದ ಟರ್ನರ್ ಎಂಬ ವಿಜ್ಞಾನಿಯು ಅಲ್ಲಿನ ತೊಟ್ಟಿಗಳಿಂದಲೂ ಇಂತಹ ಬ್ಯಾಕ್ಟೀರಿಯಗಳ ಅನೇಕ ತಳಿಗಳನ್ನು ಬೇರ್ಪಡಿಸಿ ಗ್ರೀನರ ಮಾತನ್ನು ಸ್ಥಿರಪಡಿಸಿದನು.

ಒಂದು ದನದ ತೊಟ್ಟಿಯನ್ನು ಕಟ್ಟಿ ಹತ್ತಿಪ್ಪತ್ತು ವರ್ಷಗಳಾಗಿರಬಹುದಷ್ಟೆ. ಅಷ್ಟರೊಳಗೆ ಈ ಜೀವಿಗಳು ಪಾಷಾಣವನ್ನು ಅರಗಿಸುವ ವಿದ್ಯೆಯನ್ನು ಹೊಸದಾಗಿ ಕಲಿತವೆಂದು ತಿಳಿಯತಕ್ಕದ್ದಲ್ಲ. ಆ ವಿದ್ಯೆಯು ತೊಟ್ಟಿಗಿಂತಲೂ, ದನಗಳಿಗಿಂತಲೂ, ಹುಲ್ಲುಗರಿಕೆಗಳಿಗಿಂತಲೂ ಎಷ್ಟೋ ಹಳೆಯದು. ಅದರ ಚರಿತ್ರೆಯು ಈಚಿನ ಕೆಲವು ದಶಕಗಳ ಪರಿಶೋಧನೆಗಳಿಂದ ಒಂದು ಮಟ್ಟಿಗೆ ತಿಳಿದುಬಂದಿದೆ. ಬತ್ತದ ಗದ್ದೆಗೂ ಕುಡಿಯುವ ನೀರಿಗೂ ಅದಕ್ಕೂ ನಿಕಟವಾದ ಸಂಬಂಧವಿರುವುದರಿಂದ ವ್ಯವಸಾಯಗಾರರು ಅದನ್ನು ಅರಿತಿರುವುದು ಒಳ್ಳೆಯದು.

ಪಾಷಾಣದ ಎರಡು ರೂಪಗಳು.— ಆರ್ಸೆನಿಕ್ ಎಂಬ ಧಾತುವು ಈ ದೇಶದವರಿಗೆ ಹೊಸದಲ್ಲ. ವೈದ್ಯರ ಹರಿದಳ, ಮನಶ್ಶಿಲೆಗಳೆರಡೂ ಆರ್ಸೆನಿಕ್ಕೂ ಗಂಧಕವೂ ಕೂಡಿ ಆದ ಖನಿಜಗಳು. ಬಿಳಿಯ ಪಾಷಾಣವು ಅದೇ ಧಾತುವು ಆಮ್ಲಜನಕದೊಡನೆ ಸೇರಿ ಆದದ್ದು. ನೀರಿನಲ್ಲಿಯೂ ಮಣ್ಣಿನಲ್ಲಿಯೂ ಅದು ಮುಖ್ಯವಾಗಿ ಎರಡು ರೂಪಗಳಲ್ಲಿ ಇರುವುದು. ಗಾಳಿಯಾಡುವ ಒಣನೆಲದಲ್ಲಿ ಆರ್ಸೆನೇಟ್. ನೀರು ನಿಂತು ಗಾಳಿಯಾಡದ ಕೆಸರಿನಲ್ಲಿ ಆರ್ಸೆನೈಟ್. ಇವೆರಡೂ ಜೀವಕೋಶವನ್ನು ಕೆಡಿಸುವ ರೀತಿಯು ಬೇರೆ ಬೇರೆ. ಆರ್ಸೆನೇಟು ರಂಜಕದ ಲವಣವಾದ ಫಾಸ್ಫೇಟನ್ನು ಬಹಳ ಮಟ್ಟಿಗೆ ಹೋಲುವುದು. ಫಾಸ್ಫೇಟನ್ನು ಒಳಕ್ಕೆ ಎಳೆದುಕೊಳ್ಳುವ ದ್ವಾರಗಳು ಇದನ್ನೂ ಅದೆಂದೇ ಬಗೆದು ಒಳಕ್ಕೆ ಬಿಡುವುವು. ಒಳಹೊಕ್ಕ ಮೇಲೆ ಅದು ಫಾಸ್ಫೇಟಿನ ಸ್ಥಾನದಲ್ಲಿ ಕುಳಿತು ಜೀವಕೋಶದ ಶಕ್ತಿಸಂಗ್ರಹದ ಕೆಲಸವನ್ನು ಹಾಳುಮಾಡುವುದು. ಆರ್ಸೆನೈಟಾದರೋ ಗ್ಲಿಸರಿನ್ ಮುಂತಾದ ಚಿಕ್ಕ ಅಣುಗಳು ಹಾಯುವ ಕಂಡಿಗಳಿಂದ ನುಸುಳಿ, ಕಿಣ್ವಗಳಲ್ಲಿರುವ ಗಂಧಕವನ್ನು ಬಿಗಿಯಾಗಿ ಹಿಡಿದುಕೊಂಡು ಅವುಗಳನ್ನು ನಿಷ್ಕ್ರಿಯಗೊಳಿಸುವುದು. ಎರಡರಲ್ಲಿ ಆರ್ಸೆನೈಟೇ ಹೆಚ್ಚು ಕ್ರೂರವಾದುದು.

ಹೀಗಿರಲಾಗಿ ಒಂದು ಪ್ರಶ್ನೆಯು ಏಳುವುದು. ಆರ್ಸೆನೇಟಿನಿಂದ ಪಾರಾಗಲು ಅಸಂಖ್ಯ ಬ್ಯಾಕ್ಟೀರಿಯಗಳು ಅನುಸರಿಸುವ ಮಾರ್ಗವೇನೆಂದರೆ, ಮೊದಲು ಅದನ್ನು ಆರ್ಸೆನೈಟನ್ನಾಗಿ ಮಾಡಿ, ಅನಂತರ ಒಂದು ಪಂಪಿನ ಮೂಲಕ ಹೊರಕ್ಕೆ ನೂಕುವುದು. ಸಣ್ಣ ವಿಷವನ್ನು ದೊಡ್ಡ ವಿಷವನ್ನಾಗಿ ಮಾಡಿಕೊಂಡು ಹೊರಕ್ಕೆ ಹಾಕುವ ಈ ಮಾರ್ಗವು ಮೇಲುನೋಟಕ್ಕೆ ಅವಿವೇಕವಾಗಿ ತೋರುವುದು. ಇದಕ್ಕೆ ಉತ್ತರವು ಭೂಮಿಯ ಚರಿತ್ರೆಯಲ್ಲಿದೆ.

ಆಮ್ಲಜನಕವಿಲ್ಲದ ಲೋಕ.— ಭೂಮಿಯ ಗಾಳಿಯಲ್ಲಿ ಆದಿಯಲ್ಲಿ ಆಮ್ಲಜನಕವಿರಲಿಲ್ಲವೆಂಬುದು ಶಿಲೆಗಳಿಂದ ಸಿದ್ಧವಾಗಿದೆ. ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ, ಬಿಸಿಲಿನ ಬಲದಿಂದ ನೀರನ್ನು ಒಡೆಯುವ ಹಸುರು ಬ್ಯಾಕ್ಟೀರಿಯಗಳ ದೆಸೆಯಿಂದ, ಅದು ಗಾಳಿಯಲ್ಲಿ ಮೊದಲ ಬಾರಿಗೆ ನೆಲೆನಿಂತಿತು. ಅದಕ್ಕೆ ಮುಂಚೆ ಜ್ವಾಲಾಮುಖಿಗಳಿಂದಲೂ ಬಿಸಿನೀರಿನ ಬುಗ್ಗೆಗಳಿಂದಲೂ ಸಮುದ್ರಕ್ಕೆ ಬಂದು ಸೇರುತ್ತಿದ್ದ ಪಾಷಾಣವು ಬಹುಪಾಲು ಆರ್ಸೆನೈಟಿನ ರೂಪದಲ್ಲಿಯೇ ಇದ್ದಿತು. ಆದಕಾರಣ ಆ ಕಾಲದ ಸೂಕ್ಷ್ಮಜೀವಿಗಳು ಆರ್ಸೆನೈಟನ್ನು ಹೊರದೂಡುವ ಪಂಪುಗಳನ್ನು ಮೊದಲು ಪಡೆದುವು. ಈ ಪಂಪುಗಳಲ್ಲಿ ಆರ್ಸ್-ಬಿ ಎಂದೂ ಎಸಿಆರ್-೩ ಎಂದೂ ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಎರಡು ಮನೆತನಗಳಿವೆ. ಅವುಗಳಿಗೆ ಕಾವಲುಗಾರನಂತೆ ಆರ್ಸ್-ಆರ್ ಎಂಬ ಮತ್ತೊಂದು ಪ್ರೋಟೀನು ಉಂಟು. ಜೀವಕೋಶದೊಳಗೆ ಆರ್ಸೆನೈಟು ಬಾರದಿರುವಾಗ ಅದು ಪಂಪಿನ ವಂಶವಾಹಿಯ ಮೇಲೆ ಕುಳಿತು ಕೆಲಸವನ್ನು ತಡೆದಿರುವುದು. ಬಂದೊಡನೆ ಅದನ್ನು ಹಿಡಿದುಕೊಂಡು ತಾನು ಪಕ್ಕಕ್ಕೆ ಸರಿಯುವುದು. ಪಂಪುಗಳು ಅಗತ್ಯವಿದ್ದಾಗ ಮಾತ್ರ ತಯಾರಾಗುವುವು.

ಮುಂದೆ ಆಮ್ಲಜನಕವು ಬಂದಿತು. ಸಮುದ್ರದ ಮೇಲ್ಭಾಗದ ಆರ್ಸೆನೈಟು ಆರ್ಸೆನೇಟಾಯಿತು. ಹಳೆಯ ಪಂಪುಗಳಿಗೆ ಆರ್ಸೆನೇಟು ಒಗ್ಗದು. ಕಣಜದ ಬಾಗಿಲು ಚಿಕ್ಕದಾಗಿದ್ದಲ್ಲಿ ಬಾಗಿಲನ್ನು ಒಡೆಸುವುದಕ್ಕಿಂತ ಸಾಮಾನನ್ನೇ ಬಿಚ್ಚಿ ಹೊರಕ್ಕೆ ಸಾಗಿಸುವುದು ಸುಲಭವಷ್ಟೆ. ಅದೇ ರೀತಿಯಲ್ಲಿ ಜೀವಿಗಳು ಪಂಪನ್ನು ಬದಲಾಯಿಸದೆ, ಆರ್ಸೆನೇಟನ್ನು ಆರ್ಸೆನೈಟನ್ನಾಗಿ ಇಳಿಸುವ ಕಿಣ್ವವೊಂದನ್ನು ಅದರ ಮುಂದೆ ಸೇರಿಸಿಕೊಂಡುವು. ಇದಕ್ಕೆ ಆರ್ಸ್-ಸಿ ಎಂಬ ಹೆಸರುಂಟು. ಸಾವಿರಾರು ಸೂಕ್ಷ್ಮಜೀವಿಗಳ ವಂಶವಾಹಿಗಳನ್ನು ಹೋಲಿಸಿ, ಅವುಗಳಲ್ಲಿ ಕೂಡಿಬಂದ ವ್ಯತ್ಯಾಸಗಳಿಂದ ಕಾಲವನ್ನು ಗಣಿಸುವ ವಿಧಾನದ ಮೂಲಕ, ಆರ್ಸೆನೈಟಿಗೆ ಸಂಬಂಧಪಟ್ಟ ಪಂಪುಗಳು ಆಮ್ಲಜನಕಕ್ಕೆ ಮುಂಚಿನವೆಂದೂ ಆರ್ಸೆನೇಟಿಗೆ ಸಂಬಂಧಪಟ್ಟ ಕಿಣ್ವಗಳು ಅನಂತರದವೆಂದೂ ೨೦೨೦ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯು ತೋರಿಸಿಕೊಟ್ಟಿದೆ. ಇಷ್ಟು ದೂರದ ಕಾಲಗಣನೆಯಲ್ಲಿ ಹತ್ತಿಪ್ಪತ್ತು ಕೋಟಿ ವರ್ಷಗಳ ಏರುಪೇರು ಇದ್ದೇ ಇರುವುದು. ಆದರೆ ಯಾವುದು ಮೊದಲು, ಯಾವುದು ತರುವಾಯವೆಂಬ ಕ್ರಮವು ಸಮಂಜಸವಾಗಿ ತೋರುತ್ತದೆ.

ಮತ್ತೊಂದು ಸಂಗತಿಯು ಇದಕ್ಕಿಂತಲೂ ಸ್ವಾರಸ್ಯವಾದುದು. ಆರ್ಸೆನೇಟನ್ನು ಇಳಿಸುವ ಕಿಣ್ವವು ಒಂದು ಸಲ ಹುಟ್ಟಿ ಎಲ್ಲ ಜೀವಿಗಳಿಗೂ ಹಂಚಿಕೆಯಾದುದಲ್ಲ. ಕಡಿಮೆಯೆಂದರೂ ಮೂರು ಸಲ ಬೇರೆ ಬೇರೆಯಾಗಿ ಹುಟ್ಟಿತು. ಕರುಳಿನ ಬ್ಯಾಕ್ಟೀರಿಯದಲ್ಲಿರುವುದು ಒಂದು ಬಗೆ. ಕೀವುಗುಳ್ಳೆಗಳನ್ನು ತರುವ ಸ್ಟೆಫೈಲೋಕಾಕಸಿನಲ್ಲಿರುವುದು ಇನ್ನೊಂದು. ಹಿಟ್ಟನ್ನು ಹುದುಗಿಸುವ ಈಸ್ಟಿನಲ್ಲಿರುವುದು ಮೂರನೆಯದು. ಕಡೆಯ ಎರಡು ಬಗೆಗಳ ಆಕಾರವನ್ನು ಪರೀಕ್ಷಿಸಲಾಗಿ, ಅವು ಪ್ರೋಟೀನುಗಳಿಂದ ಫಾಸ್ಫೇಟನ್ನು ಕಳಚುವ ಕಿಣ್ವಗಳ ಬಂಧುಗಳೆಂದು ಗೊತ್ತಾಯಿತು. ಫಾಸ್ಫೇಟು ಕೂರುವ ಜಾಗದಲ್ಲಿ ಆರ್ಸೆನೇಟೂ ಕೂರಬಲ್ಲುದಾದ್ದರಿಂದ, ಹಳೆಯ ಕಿಣ್ವವನ್ನು ಸ್ವಲ್ಪ ತಿದ್ದಿ ಹೊಸ ಕೆಲಸಕ್ಕೆ ಹಚ್ಚುವುದು ಪ್ರಕೃತಿಗೆ ಸಾಧ್ಯವಾಯಿತು. ಕೊಡಲಿಯ ಕಾವನ್ನೇ ಸವರಿ ಗುದ್ದಲಿಗೆ ಕಾವನ್ನು ಮಾಡುವ ಬಡಗಿಯಂತೆ ವಿಕಾಸವು ಕೈಗೆ ಸಿಕ್ಕಿದುದನ್ನೇ ಬಳಸುವುದು.

ಈ ವಂಶವಾಹಿಗಳು ತಾಯಿಯಿಂದ ಮಗಳಿಗೆ ಬರುವಂತೆ ಮಾತ್ರ ಬರುವುದಿಲ್ಲ. ನೆರೆಯವರಿಂದ ಕಡ ತಂದಂತೆಯೂ ಬರುವುವು. ಸ್ಟೆಫೈಲೋಕಾಕಸಿನಲ್ಲಿ ಪಾಷಾಣವನ್ನು ತಡೆಯುವ ಗುಣವು ಪ್ಲಾಸ್ಮಿಡ್ ಎಂಬ ಬಿಡಿಯಾದ ವಂಶವಾಹಿಯ ಬಳೆಯಲ್ಲಿರುವುದೆಂದು ೧೯೬೮ರಲ್ಲಿ ನೋವಿಕ್ ಮತ್ತು ರಾತ್ ಎಂಬುವರು ಕಂಡುಹಿಡಿದರು. ಈ ಬಳೆಯು ಒಂದು ಬ್ಯಾಕ್ಟೀರಿಯದಿಂದ ಮತ್ತೊಂದಕ್ಕೆ ದಾಟಬಲ್ಲುದು. ದನದ ತೊಟ್ಟಿಯಂತಹ ಹೊಸ ವಿಷಸ್ಥಳದಲ್ಲಿ ಇಷ್ಟು ಬೇಗನೆ ಪಾಷಾಣಸಹಿಷ್ಣುಗಳು ಹೇಗೆ ಕಾಣಿಸಿಕೊಳ್ಳಬಲ್ಲುವೆಂಬುದು ಇದರಿಂದ ಅರ್ಥವಾಗುವುದು.

ಬೆಳ್ಳುಳ್ಳಿಯ ವಾಸನೆ.— ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಮನೆಗಳ ಗೋಡೆಗಳಿಗೆ ಅಂಟಿಸುತ್ತಿದ್ದ ಬಣ್ಣದ ಕಾಗದಗಳಲ್ಲಿ ತಾಮ್ರವೂ ಪಾಷಾಣವೂ ಕೂಡಿದ ಹಸುರು ಬಣ್ಣವನ್ನು ಬಳಸುತ್ತಿದ್ದರು. ತೇವದ ಕೋಣೆಗಳಲ್ಲಿ ಗೋಡೆಗೆ ಬೂಷ್ಟು ಹಿಡಿದಾಗ ಬೆಳ್ಳುಳ್ಳಿಯಂತಹ ವಾಸನೆಯು ಏಳುತ್ತಿತ್ತು. ಅಲ್ಲಿ ಮಲಗಿದವರ ಕಾಯಿಲೆಗೆ ಈ ಆವಿಯೇ ಕಾರಣವೆಂದು ಜನರು ನಂಬಿದ್ದರು. ಇಟಲಿಯ ವೈದ್ಯ ಗೋಸಿಯೋ ಎಂಬಾತನು ೧೮೯೦ರ ದಶಕದಲ್ಲಿ ಈ ಆವಿಯನ್ನು ಬೂಷ್ಟೇ ಉತ್ಪತ್ತಿಮಾಡುವುದೆಂದು ತೋರಿಸಿದನು. ಅದು ಟ್ರೈಮೀಥೈಲ್ ಆರ್ಸೀನ್ ಎಂಬುದನ್ನು ಇಂಗ್ಲೆಂಡಿನ ಲೀಡ್ಸ್ ನಗರದ ಚಾಲೆಂಜರ್ ಎಂಬ ರಸಾಯನಶಾಸ್ತ್ರಜ್ಞನು ೧೯೩೩ರಲ್ಲಿ ನಿರ್ಣಯಿಸಿದನು. ಪಾಷಾಣದ ಅಣುವಿಗೆ ಇಂಗಾಲವಿರುವ ಮೀಥೈಲ್ ಗುಂಪುಗಳನ್ನು ಒಂದೊಂದಾಗಿ ಪೋಣಿಸಿ ಅದನ್ನು ಆವಿಯಾಗಿ ಹಾರಿಸುವ ಕೆಲಸವಿದು. ಬ್ಯಾಕ್ಟೀರಿಯಗಳಲ್ಲಿ ಇದನ್ನು ಮಾಡುವ ಆರ್ಸ್-ಎಂ ಎಂಬ ಕಿಣ್ವವನ್ನು ಅಮೆರಿಕದಲ್ಲಿ ಬ್ಯಾರಿ ರೋಸೆನ್ ಎಂಬುವರ ತಂಡದವರು ೨೦೦೬ರಲ್ಲಿ ವಿವರಿಸಿದರು.

ಈ ಕಿಣ್ವವೂ ಆಮ್ಲಜನಕಕ್ಕೆ ಹಿಂದಿನದು. ಆಗ ಅದರ ಪ್ರಯೋಜನವೇನಿದ್ದೀತೆಂಬುದರ ವಿಷಯದಲ್ಲಿ ರೋಸೆನ್ ಮತ್ತು ಅವರ ಸಂಗಡಿಗರು ಒಂದು ಊಹೆಯನ್ನು ಮಂಡಿಸಿದ್ದಾರೆ. ಒಂದು ಮೀಥೈಲ್ ಸೇರಿದ ಪಾಷಾಣವು, ಆಮ್ಲಜನಕವಿಲ್ಲದಿರುವಲ್ಲಿ, ಮೂಲ ಪಾಷಾಣಕ್ಕಿಂತಲೂ ಹೆಚ್ಚು ವಿಷವಾಗಿಯೇ ಉಳಿಯುವುದು. ಹೀಗಾಗಿ ಪ್ರಾಚೀನ ಜೀವಿಗಳು ಅದನ್ನು ತಯಾರಿಸಿ ನೆರೆಯ ಪ್ರತಿಸ್ಪರ್ಧಿಗಳ ಮೇಲೆ ಆಯುಧದಂತೆ ಬಿಡುತ್ತಿದ್ದುವೆಂದು ಅವರ ಅಭಿಪ್ರಾಯ. ಗಾಳಿಯಲ್ಲಿ ಆಮ್ಲಜನಕವು ಸೇರಿದ ಮೇಲೆ ಈ ವಿಷವು ತಾನಾಗಿಯೇ ಉತ್ಕರ್ಷಣಗೊಂಡು ಸೌಮ್ಯವಾಯಿತು. ಆಯುಧವಾಗಿದ್ದುದು ವಿಷಹರಣದ ಸಾಧನವಾಯಿತು. ಅನಂತರ ಕೆಲವು ಜೀವಿಗಳು ಆಮ್ಲಜನಕವನ್ನೇ ಬಳಸಿ ಇಂಗಾಲಕ್ಕೂ ಪಾಷಾಣಕ್ಕೂ ಇರುವ ಬೆಸುಗೆಯನ್ನು ಕತ್ತರಿಸುವ ಆರ್ಸ್-ಐ ಎಂಬ ಕಿಣ್ವವನ್ನು ಪಡೆದುವು. ಇದು ಊಹೆಯೇ ಹೊರತು ಕಣ್ಣಾರೆ ಕಂಡುದಲ್ಲ. ಆದರೂ ಪಾಷಾಣವನ್ನು ಆಯುಧವಾಗಿ ಹಿಡಿಯುವ ಜೀವಿಗಳು ಇಂದಿಗೂ ಇವೆಯೆಂಬುದಕ್ಕೆ ಬತ್ತದ ಗದ್ದೆಯೇ ಸಾಕ್ಷಿಯಾಗಿದೆ: ಜಪಾನಿನಲ್ಲಿ ಬತ್ತದ ಬೇರಿನ ಸುತ್ತಣ ಮಣ್ಣಿನಿಂದ ತೆಗೆದ ಬರ್ಕ್‌ಹೋಲ್ಡೇರಿಯ ಜಾತಿಯ ಬ್ಯಾಕ್ಟೀರಿಯವೊಂದು ಆರ್ಸಿನೋಥ್ರಿಸಿನ್ ಎಂಬ ಪಾಷಾಣಯುಕ್ತ ಪ್ರತಿಜೀವಿಕವನ್ನು ತಯಾರಿಸುವುದು. ಅದು ಅನೇಕ ಬಗೆಯ ಬ್ಯಾಕ್ಟೀರಿಯಗಳನ್ನು ಕೊಲ್ಲುವುದೆಂದು ೨೦೧೯ರಲ್ಲಿ ತಿಳಿದುಬಂದಿತು.

ಮೀಥೈಲ್ ಸೇರಿಸುವ ಕಿಣ್ವವು ಮನುಷ್ಯರ ಈಲಿಯಲ್ಲಿಯೂ ಉಂಟು. ಪ್ರಾಣಿಗಳ ಪೂರ್ವಜರು ಅದನ್ನು ಬ್ಯಾಕ್ಟೀರಿಯಗಳಿಂದಲೇ ಪಡೆದರೆಂದು ೨೦೧೭ರ ಪರಿಶೋಧನೆಗಳು ಸೂಚಿಸುತ್ತವೆ. ಅರ್ಜೆಂಟೀನದ ಆಂಡೀಸ್ ಪರ್ವತಗಳ ಎತ್ತರದ ಹಳ್ಳಿಗಳಲ್ಲಿ ಸಾವಿರಾರು ವರ್ಷಗಳಿಂದ ಪಾಷಾಣವಿರುವ ನೀರನ್ನು ಕುಡಿಯುತ್ತ ಬಂದ ಜನರಲ್ಲಿ ಈ ಕಿಣ್ವದ ಹೆಚ್ಚು ದಕ್ಷವಾದ ರೂಪವು ನೆಲೆಗೊಂಡಿರುವುದು ೨೦೧೫ರಲ್ಲಿ ಕಂಡುಬಂದಿತು. ಇತರ ದೇಶಗಳ ಜನರಿಗೆ ಆ ಸೌಕರ್ಯವು ಅಷ್ಟಾಗಿ ಇಲ್ಲ.

ಪಾಷಾಣವನ್ನು ಉಸಿರಾಡುವವು.— ಇಷ್ಟರವರೆಗೆ ಹೇಳಿದುದು ಆತ್ಮರಕ್ಷಣೆಯ ಮಾತಾಯಿತು. ಪಾಷಾಣದಿಂದಲೇ ಜೀವನೋಪಾಯವನ್ನು ನಡೆಸುವ ಜೀವಿಗಳೂ ಉಂಟು. ಮನುಷ್ಯನು ಆಮ್ಲಜನಕವನ್ನು ಉಸಿರಾಡುವಂತೆ ಆರ್ಸೆನೇಟನ್ನು ಉಸಿರಾಡುವ ಬ್ಯಾಕ್ಟೀರಿಯವೊಂದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೆಸರಿನಿಂದ ತೆಗೆದ ವರದಿಯು ೧೯೯೪ರಲ್ಲಿ ಬಂದಿತು. ಕ್ಯಾಲಿಫೋರ್ನಿಯದ ಮೋನೋ ಸರೋವರದ ದ್ವೀಪವೊಂದರ ಬಿಸಿನೀರ ಬುಗ್ಗೆಗಳಲ್ಲಿ, ನೀರಿನ ಬದಲಾಗಿ ಆರ್ಸೆನೈಟನ್ನು ಬಳಸಿ ಬಿಸಿಲಿನಿಂದ ಆಹಾರವನ್ನು ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಗಳು ೨೦೦೮ರಲ್ಲಿ ದೊರೆತುವು. ಗ್ರೀನರ ತೊಟ್ಟಿಯಲ್ಲಿ ಕಂಡಂತಹ, ಆರ್ಸೆನೈಟನ್ನು ಉತ್ಕರ್ಷಿಸುವ ಕಿಣ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದುದು ೧೯೯೨ರಲ್ಲಿ. ಅದು ಮಾಲಿಬ್ಡಿನಂ ಲೋಹವನ್ನೊಳಗೊಂಡ ಕಿಣ್ವ. ಗದ್ದೆಯಲ್ಲಿ ನೈಟ್ರೇಟನ್ನು ಉಸಿರಾಡಿ ಗೊಬ್ಬರದ ಸಾರಜನಕವನ್ನು ಗಾಳಿಗೆ ಕಳೆಯುವ ಬ್ಯಾಕ್ಟೀರಿಯಗಳ ಕಿಣ್ವಗಳೂ ಇದೇ ಮನೆತನಕ್ಕೆ ಸೇರಿದುವು.

ಈ ಉಸಿರಾಟದ ಕಿಣ್ವಗಳಲ್ಲಿ ಯಾವುದು ಮೊದಲು ಹುಟ್ಟಿತೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆರ್ಸೆನೈಟನ್ನು ಉತ್ಕರ್ಷಿಸುವ ಕಿಣ್ವವು ಜೀವದ ದೊಡ್ಡ ಶಾಖೆಗಳು ಕವಲೊಡೆಯುವುದಕ್ಕೆ ಮುಂಚಿನದೆಂದು ೨೦೦೩ರಲ್ಲಿ ಒಂದು ಫ್ರೆಂಚ್ ತಂಡದವರು ವಾದಿಸಿದರು. ಇತರರು ಇದನ್ನು ಒಪ್ಪಲಿಲ್ಲ. ಪಶ್ಚಿಮ ಆಸ್ಟ್ರೇಲಿಯದ ಟುಂಬಿಯಾನ ಎಂಬಲ್ಲಿನ, ೨೭೨ ಕೋಟಿ ವರ್ಷಗಳಷ್ಟು ಹಳೆಯದಾದ, ಸೂಕ್ಷ್ಮಜೀವಿಗಳ ಪದರಗಳಿಂದಾದ ಶಿಲೆಯಲ್ಲಿ ಪಾಷಾಣವು ಜೈವಿಕ ಇಂಗಾಲದೊಡನೆ ಸೇರಿಕೊಂಡಿರುವ ರೀತಿಯನ್ನು ನೋಡಿ, ಆ ಕಾಲಕ್ಕಾಗಲೇ ಪಾಷಾಣವನ್ನು ಎರಡು ರೂಪಗಳ ನಡುವೆ ತಿರುಗಿಸುವ ಜೀವಿಗಳಿದ್ದುವೆಂದು ೨೦೧೪ರಲ್ಲಿ ವಿಜ್ಞಾನಿಗಳು ಅನುಮಾನಿಸಿದರು. ಈ ಕ್ಷೇತ್ರದಲ್ಲಿ ಆತುರಪಡುವುದೂ ಅಪಾಯವೇ. ಮೋನೋ ಸರೋವರದ ಒಂದು ಬ್ಯಾಕ್ಟೀರಿಯವು ತನ್ನ ವಂಶವಾಹಿಯ ತಂತುವಿನಲ್ಲಿಯೇ ರಂಜಕದ ಬದಲು ಪಾಷಾಣವನ್ನು ಇಟ್ಟುಕೊಳ್ಳುವುದೆಂದು ೨೦೧೦ರಲ್ಲಿ ದೊಡ್ಡ ಸುದ್ದಿಯಾಯಿತು. ೨೦೧೨ರ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ೨೦೨೫ರಲ್ಲಿ ಆ ಲೇಖನವನ್ನು ಪತ್ರಿಕೆಯವರು ಹಿಂದಕ್ಕೆ ತೆಗೆದುಕೊಂಡರು. ಆ ಬ್ಯಾಕ್ಟೀರಿಯವೂ ಉಳಿದವುಗಳಂತೆ ಪಾಷಾಣವನ್ನು ಸಹಿಸಿಕೊಂಡಿತ್ತು, ಅಷ್ಟೆ.

ಗದ್ದೆಯ ಮಾತು.— ಬಂಗಾಳದ ನೆಲದಡಿಯ ನೀರಿನಲ್ಲಿ ಪಾಷಾಣವಿದ್ದು, ಅದನ್ನು ಕುಡಿದವರಿಗೆ ಚರ್ಮರೋಗಗಳು ಉಂಟಾಗುತ್ತಿರುವುದನ್ನು ಕಲ್ಕತ್ತದ ವೈದ್ಯ ಕೆ. ಸಿ. ಸಾಹಾ ಎಂಬುವರು ೧೯೮೦ರ ದಶಕದ ಆದಿಯಲ್ಲಿ ಗುರುತಿಸಿದರು. ಮಲಿನವಾದ ಕೆರೆಕುಂಟೆಗಳ ನೀರಿಗೆ ಬದಲಾಗಿ ಶುದ್ಧಜಲವು ದೊರೆಯಲೆಂದು ತೋಡಿದ್ದ ಕೊಳವೆ ಬಾವಿಗಳೇ ವಿಷದ ಮೂಲವಾದುವು. ಹಿಮಾಲಯದಿಂದ ಇಳಿದುಬಂದ ಮೆಕ್ಕಲುಮಣ್ಣಿನಲ್ಲಿ ಪಾಷಾಣವು ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿರುವುದು. ಗಾಳಿಯಾಡದ ಆಳದಲ್ಲಿ ಬ್ಯಾಕ್ಟೀರಿಯಗಳು ಆ ಕಬ್ಬಿಣವನ್ನು ಉಸಿರಾಡಿ ಕರಗಿಸಿದಾಗ ಪಾಷಾಣವು ಬಿಡುಗಡೆಯಾಗಿ ನೀರಿಗೆ ಸೇರುವುದು. ಬಂಗಾಳದ ಮಣ್ಣನ್ನೇ ತೆಗೆದುಕೊಂಡು ಇದನ್ನು ಪ್ರಯೋಗದಿಂದ ತೋರಿಸಿದುದು ೨೦೦೪ರಲ್ಲಿ.

ಕನ್ನಡನಾಡಿನಲ್ಲಿ ಮೆಕ್ಕಲಿನಿಂದ ಈ ತೊಂದರೆಯಿಲ್ಲ. ಚಿನ್ನದ ಅದುರಿನ ಜತೆಯಲ್ಲಿರುವ ಕಬ್ಬಿಣ, ಗಂಧಕ, ಆರ್ಸೆನಿಕ್ಕುಗಳ ಖನಿಜದಿಂದ ಉಂಟು. ಯಾದಗಿರಿ ಜಿಲ್ಲೆಯ ಮಂಗಳೂರು ಎಂಬ ಹಳೆಯ ಗಣಿಯ ಸುತ್ತಿನಲ್ಲಿ (ಇದು ಕರಾವಳಿಯ ಮಂಗಳೂರಲ್ಲ) ಬಾವಿಗಳ ನೀರಿನಲ್ಲಿ ಪಾಷಾಣವೂ ನಿವಾಸಿಗಳ ಚರ್ಮದ ಮೇಲೆ ಅದರ ಗುರುತುಗಳೂ ಕಂಡುಬಂದುವೆಂದು ೨೦೧೩ರಲ್ಲಿ ಪ್ರಕಟವಾಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ ೧೦ ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೧೯೯೩ರಲ್ಲಿ ಗೊತ್ತುಮಾಡಿದೆ. ಪಾಷಾಣಕ್ಕೆ ಬಣ್ಣವಾಗಲಿ ರುಚಿಯಾಗಲಿ ಇಲ್ಲದಿರುವುದರಿಂದ ಪರೀಕ್ಷೆಯ ಹೊರತು ಅದನ್ನು ತಿಳಿಯುವ ಉಪಾಯವಿಲ್ಲ. ಗಣಿಪ್ರದೇಶಗಳ ಸಮೀಪದ ರೈತರು ತಮ್ಮ ಬಾವಿಯ ನೀರನ್ನು ಪರೀಕ್ಷೆಗೆ ಕೊಡುವುದು ಯುಕ್ತ.

ನೀರು ನಿಂತ ಗದ್ದೆಯು ಒಂದು ಬಗೆಯಲ್ಲಿ ಆಮ್ಲಜನಕಕ್ಕೆ ಹಿಂದಿನ ಲೋಕದ ತುಂಡೇ ಸರಿ. ಅಲ್ಲಿ ಪ್ರಾಚೀನ ಕಿಣ್ವಗಳೆಲ್ಲವೂ ಕೆಲಸಮಾಡುತ್ತಿರುವುವು. ತುಕ್ಕು ಕರಗುವುದು, ಆರ್ಸೆನೈಟು ಏಳುವುದು. ಬತ್ತದ ಬೇರಾದರೋ ಸಿಲಿಕಾವನ್ನು ಬಹಳವಾಗಿ ಹೀರತಕ್ಕದ್ದು. ಸಿಲಿಕಾದ ದಾರಿಯಿಂದಲೇ ಆರ್ಸೆನೈಟೂ ಒಳಹೊಗುವುದೆಂದು ಜಪಾನಿನಲ್ಲಿ ೨೦೦೮ರಲ್ಲಿ ಕಂಡುಹಿಡಿಯಲ್ಪಟ್ಟಿತು. ಇತರ ಧಾನ್ಯಗಳಿಗಿಂತ ಅಕ್ಕಿಯಲ್ಲಿ ಪಾಷಾಣವು ಹೆಚ್ಚಾಗಿರುವುದಕ್ಕೆ ಇದೇ ಕಾರಣ. ಪಾಷಾಣವನ್ನು ಮೈಯಲ್ಲಿ ಶೇಖರಿಸಿಕೊಳ್ಳುವ ಒಂದು ಜಾತಿಯ ಜರಿಗಿಡದಲ್ಲಿ ಎಸಿಆರ್-೩ ಪಂಪು ಇಂದಿಗೂ ಉಂಟು. ಹೂ ಬಿಡುವ ಸಸ್ಯಗಳು ಅದನ್ನು ತಮ್ಮ ವಿಕಾಸದಲ್ಲಿ ಕಳೆದುಕೊಂಡಿವೆ. ಮೀಥೈಲ್ ಸೇರಿಸುವ ಕಿಣ್ವವೂ ಬತ್ತದ ಗಿಡದಲ್ಲಿಲ್ಲ. ಅಕ್ಕಿಯಲ್ಲಿ ಕಂಡುಬರುವ ಮೀಥೈಲ್ ಪಾಷಾಣವೆಲ್ಲ ಮಣ್ಣಿನ ಸೂಕ್ಷ್ಮಜೀವಿಗಳ ತಯಾರಿಕೆಯೆಂದು ೨೦೧೨ರಲ್ಲಿ ಸ್ಥಿರಪಟ್ಟಿತು. ಇದು ತಿನ್ನುವವರಿಗೆ ಅಷ್ಟು ಅಪಾಯಕರವಲ್ಲದಿದ್ದರೂ ಬೆಳೆಗೆ ಕೇಡು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ, ಹಿಂದೆ ಹತ್ತಿಯನ್ನು ಬೆಳೆದು ಪಾಷಾಣದ ಔಷಧಗಳನ್ನು ಹೊಡೆದಿದ್ದ ಹೊಲಗಳಲ್ಲಿ ಬತ್ತವನ್ನು ಹಾಕಿದಾಗ, ಕಾಳು ಕಟ್ಟದೆ ತೆನೆಯು ಬಾಗದೆ ನೆಟ್ಟಗೆ ನಿಲ್ಲುವ ರೋಗವು ಬರುತ್ತಿದ್ದುದಕ್ಕೂ ಇದಕ್ಕೂ ಸಂಬಂಧವಿದೆ.

ಪಾಷಾಣವಿರುವ ನೆಲಗಳಲ್ಲಿ ಅನುಸರಿಸಬಹುದಾದ ಕ್ರಮಗಳು ಈ ತಿಳಿವಳಿಕೆಯಿಂದಲೇ ಹುಟ್ಟಿದುವು. ಗದ್ದೆಗೆ ಸದಾ ನೀರನ್ನು ನಿಲ್ಲಿಸದೆ, ನಡುನಡುವೆ ಬಸಿದು ನೆಲವನ್ನು ಆರಲು ಬಿಟ್ಟರೆ ಗಾಳಿಯು ಒಳಹೊಕ್ಕು, ಪಾಷಾಣವು ಪುನಃ ತುಕ್ಕಿಗೆ ಅಂಟಿಕೊಳ್ಳುವುದು. ಕಾಳಿನಲ್ಲಿ ಅದರ ಪ್ರಮಾಣವು ತಗ್ಗುವುದು. ಆದರೆ ನೆಲದಲ್ಲಿ ಕ್ಯಾಡ್ಮಿಯಂ ಇದ್ದರೆ ಒಣಗಿಸಿದಷ್ಟೂ ಅದು ಕಾಳಿಗೆ ಹೆಚ್ಚಾಗಿ ಸೇರುವುದರಿಂದ ಎಲ್ಲ ಕಡೆಯಲ್ಲಿಯೂ ಒಂದೇ ವಿಧಿಯು ಸಲ್ಲದು. ಬತ್ತದ ಹೊಟ್ಟನ್ನು ಸುಟ್ಟುಹಾಕದೆ ಗದ್ದೆಗೆ ಹಿಂದಿರುಗಿಸಿದಲ್ಲಿ ಅದರ ಸಿಲಿಕಾವು ಬೇರಿನ ದಾರಿಯಲ್ಲಿ ಆರ್ಸೆನೈಟಿಗೆ ಎದುರಾಳಿಯಾಗುವುದು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಕಿಲೋಗ್ರಾಮಿಗೆ ೦.೨ ಮಿಲಿಗ್ರಾಂ ನಿರವಯವ ಪಾಷಾಣವೇ ಗರಿಷ್ಠವೆಂದು ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗವು ೨೦೧೪ರಲ್ಲಿ ವಿಧಿಸಿರುವುದು. ಅಡಿಗೆಯ ಮನೆಯಲ್ಲಿ, ಧಾರಾಳವಾಗಿ ನೀರಿಟ್ಟು ಅನ್ನವನ್ನು ಬೇಯಿಸಿ ಗಂಜಿಯನ್ನು ಬಸಿಯುವ ಹಳೆಯ ಪದ್ಧತಿಯಿಂದ ಪಾಷಾಣದ ಗಣನೀಯ ಭಾಗವು ಗಂಜಿಯೊಡನೆ ಹೊರಟುಹೋಗುವುದು. ಅಂಥ ಗಂಜಿಯನ್ನು ದನಗಳಿಗೆ ಹಾಕಬಾರದು. ಬೇಯಿಸುವ ನೀರಿನಲ್ಲಿಯೇ ಪಾಷಾಣವಿದ್ದರೆ ಬಸಿಯುವುದರಿಂದ ಪ್ರಯೋಜನವೇನೂ ಆಗದು.